ಮಕ್ಕಳ ಕಾಲೇಜು ನೋಡಲು ಸಣ್ಣ ಊರಿಗೆ ಹೊರಟಿದ್ದೀರಾ? ರೂಮ್ ಎಲ್ಲಿ ಮಾಡಬೇಕು ಅನ್ನುವುದಕ್ಕೊಂದು ಸಮಗ್ರ ಮಾರ್ಗದರ್ಶಿ

ನನ್ನ ಮಗಳು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ವಿಜಯನಗರದ ಮನೆಯಿಂದ ಪಿಯು ಕಾಲೇಜಿಗೆ ಮೆಟ್ರೋದಲ್ಲಿ ಹೋಗಿ ಬರುತ್ತಿದ್ದಳು. ಸಿಇಟಿ ರ‍್ಯಾಂಕ್ ಬಂದಮೇಲೆ ಎಲ್ಲೆಲ್ಲಿ ಸೀಟು ಸಿಗಬಹುದು ಅಂತ ಲೆಕ್ಕ ಹಾಕಿದೆವು. ಅವಳಿಗೆ ಇಷ್ಟವಾದ ಎರಡು ಕಾಲೇಜುಗಳು ಘಟ್ಟದ ಕಡೆಯ ಸಣ್ಣ ಊರುಗಳಲ್ಲಿದ್ದವು. ನೋಡದೆ ಆಪ್ಷನ್ ಹಾಕುವುದು ಬೇಡ ಅಂತ ಹೊರಟೆವು.

ಮೊದಲ ಸಲ ನಾನು ರೂಮ್ ಹುಡುಕಿದ್ದು ಫೋಟೋ ನೋಡಿ. ಕಾಫಿ ತೋಟ, ಮಂಜು, ಮರದ ಬಾಲ್ಕನಿ ಇರುವ ಹೋಮ್‌ಸ್ಟೇ. ಮ್ಯಾಪ್‌ನಲ್ಲಿ ಕಾಲೇಜಿಗೆ 14 ಕಿ.ಮೀ. ಅಂತ ಇತ್ತು. ಆದರೆ ಕೊನೆಯ 4 ಕಿ.ಮೀ. ಮಣ್ಣು ರಸ್ತೆ. ರಾತ್ರಿ ಮಳೆಗೆ ದಾರಿಯಲ್ಲಿ ಮರ ಬಿದ್ದಿತ್ತು. ಅದನ್ನು ಕಡಿದು ಸರಿಸಿ, ನಾವು ಹೊರಡುವಷ್ಟರಲ್ಲಿ ಒಂಬತ್ತೂವರೆ. 'ಎಂಟು ಗಂಟೆಗೆ ಬನ್ನಿ, ತಿಂಡಿ ಹೊತ್ತಿಗೆ ಮೆಸ್ ನೋಡಬಹುದು' ಅಂತ ಹಾಸ್ಟೆಲ್ ವಾರ್ಡನ್ ಹೇಳಿದ್ದರು. ನಾವು ಹೋದಾಗ ಮೆಸ್ ತೊಳೆದು ಬೀಗ ಹಾಕಿದ್ದರು. ಆಫೀಸು, ಲ್ಯಾಬು, ಲೈಬ್ರರಿ ನೋಡಿಕೊಂಡು ವಾಪಸ್ ಬಂದೆವು. ದಾರಿಯಲ್ಲಿ ಮಗಳು ಕೇಳಿದಳು: 'ಅಮ್ಮಾ, ಆ ಊರಲ್ಲಿ ಸಂಜೆ ಹೊತ್ತು ಏನಿರುತ್ತೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಊರನ್ನೇ ನೋಡಿರಲಿಲ್ಲ.

ಎರಡನೇ ಸಲ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ಒಂದು ಸಾಧಾರಣ ಲಾಡ್ಜಿನಲ್ಲಿ ಉಳಿದೆವು. ಕಾಲೇಜು ಬೇಕೋ ಬೇಡವೋ ಅನ್ನುವುದು ತೀರ್ಮಾನವಾಗಿದ್ದು ಆ ಒಂದು ಸಂಜೆ, ಒಂದು ಬೆಳಗ್ಗೆಯಲ್ಲಿ. ಕಾಲೇಜು ನೋಡಲು ಹೋದಾಗ ಉಳಿಯುವ ಜಾಗವೂ ಕಾಲೇಜು ನೋಡುವ ಕೆಲಸದ ಒಂದು ಭಾಗ. ಮಕ್ಕಳು ನಾಲ್ಕು ವರ್ಷ ಓಡಾಡುವ ಬೀದಿಯಲ್ಲಿ ನೀವೂ ಒಂದು ರಾತ್ರಿ ಇರಬೇಕು. ಕೆಳಗೆ ಹೇಳುವುದೆಲ್ಲ ಇದೇ ಲೆಕ್ಕದ ಮೇಲೆ.

ಹಂತ 1: ರಾತ್ರಿ ಉಳಿಯುವ ಅಗತ್ಯ ಇದೆಯಾ ನೋಡಿ

ತುಮಕೂರು, ರಾಮನಗರ, ಮಂಡ್ಯ ಆದರೆ ರೂಮ್ ಬೇಡ. ಬೆಳಗ್ಗಿನ ರೈಲು ಹತ್ತಿ, ಸಂಜೆ ಏಳರ ತನಕ ಊರಲ್ಲಿದ್ದು ವಾಪಸ್ ಬನ್ನಿ. ಹಾಸನದಿಂದ ಆಚೆ ಹೋದರೆ ಉಳಿಯಲೇಬೇಕು. ಉಜಿರೆಗೆ ಇಲ್ಲಿಂದ ಸುಮಾರು 300 ಕಿ.ಮೀ. ಸುರತ್ಕಲ್, ಸಾಗರ, ಶಿರಸಿ ಇನ್ನೂ ದೂರ. ರಾತ್ರಿ ಬಸ್ಸಲ್ಲಿ ಹೋಗಿ, ಹಗಲು ಕಾಲೇಜು ನೋಡಿ, ಮತ್ತೆ ರಾತ್ರಿ ಬಸ್ಸಲ್ಲಿ ಬರುವವರು ತುಂಬಾ ಜನ. ದುಡ್ಡು ಉಳಿಯುತ್ತದೆ ನಿಜ. ಆದರೆ ಎರಡು ರಾತ್ರಿ ನಿದ್ದೆಗೆಟ್ಟ ಹುಡುಗ ಹುಡುಗಿಗೆ ಯಾವ ಕಾಲೇಜೂ ಚೆನ್ನಾಗಿ ಕಾಣುವುದಿಲ್ಲ.

ಹಂತ 2: ರೂಮಿಗಿಂತ ಮೊದಲು ದಿನ ಗೊತ್ತು ಮಾಡಿ

ಇದನ್ನು ಬಹಳ ಜನ ತಿರುವುಮುರುವು ಮಾಡುತ್ತಾರೆ. ರೂಮ್ ಸಿಕ್ಕ ದಿನ ಹೊರಡುತ್ತಾರೆ. ಸಣ್ಣ ಊರಿನಲ್ಲಿ ಇರುವುದೇ ಏಳೆಂಟು ಲಾಡ್ಜು. ಒಂದು ಜಾತ್ರೆ ಬಂದರೆ ಎಲ್ಲವೂ ಭರ್ತಿ.

ಶಿರಸಿಯಲ್ಲಿ ಅರಣ್ಯ ಕಾಲೇಜು ನೋಡಬೇಕಿದ್ದರೆ ಮಾರಿಕಾಂಬಾ ಜಾತ್ರೆ ಇದೆಯಾ ನೋಡಿ. ಅದು ಎರಡು ವರ್ಷಕ್ಕೊಮ್ಮೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುತ್ತದೆ. ಸಾಗರದ ಮಾರಿ ಜಾತ್ರೆ ಮೂರು ವರ್ಷಕ್ಕೊಮ್ಮೆ. ಹಾಸನದಲ್ಲಿ ಹಾಸನಾಂಬೆ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ. ಆಗ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ. ಮಣಿಪಾಲಕ್ಕೆ ಹೋಗುವವರು ಆ ವಾರ ಬಿಟ್ಟುಬಿಡಿ. ಉಜಿರೆಗೆ ಹೋಗುವವರು ಸೋಮವಾರ ತಪ್ಪಿಸಿ. ಧರ್ಮಸ್ಥಳ ಅಲ್ಲಿಂದ ಹತ್ತಿರ ಹತ್ತಿರ 10 ಕಿ.ಮೀ. ಮಂಜುನಾಥ ಸ್ವಾಮಿಯ ವಾರ ಅಂದರೆ ಸೋಮವಾರ. ಬಸ್ಸೂ ತುಂಬಿರುತ್ತದೆ, ರೂಮೂ ಕಷ್ಟ. ಕಾರ್ತಿಕ ಮಾಸದ ಲಕ್ಷದೀಪೋತ್ಸವದ ದಿನಗಳಂತೂ ಬೇಡವೇ ಬೇಡ.

ಶುಕ್ರವಾರ ಸಂಜೆಯಿಂದ ಭಾನುವಾರದ ತನಕ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಡೆ ನಮ್ಮ ಬೆಂಗಳೂರಿನ ಜನವೇ ತುಂಬಿರುತ್ತಾರೆ. ರೂಮಿನ ರೇಟು ಜಾಸ್ತಿ. ಭಾನುವಾರ ಕಾಲೇಜೂ ಇರುವುದಿಲ್ಲ. ಮಂಗಳವಾರ ರಾತ್ರಿ ಹೊರಟು ಬುಧವಾರ ಪೂರ್ತಿ ಇದ್ದು, ಗುರುವಾರ ಮಧ್ಯಾಹ್ನ ಹೊರಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಒಂದು ದಿನ ಜಾಸ್ತಿ ರಜೆ ಹಾಕಬೇಕಾಗಬಹುದು. ಹಾಕಿ.

ಇನ್ನು ಮಳೆ. ಸಿಇಟಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ಆಪ್ಷನ್ ಎಂಟ್ರಿ, ಸೀಟು ಹಂಚಿಕೆ ಅನ್ನುವಷ್ಟರಲ್ಲಿ ಸಾಮಾನ್ಯವಾಗಿ ಜುಲೈ-ಆಗಸ್ಟ್. ಮಲೆನಾಡು, ಕರಾವಳಿಯಲ್ಲಿ ಅದೇ ಜೋರು ಮಳೆಗಾಲ. 2018ರ ಆಗಸ್ಟ್‌ನಲ್ಲಿ, 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿತ್ತು. ಚಾರ್ಮಾಡಿ ಘಾಟಿಯದೂ ಇದೇ ಕಥೆ. ಹಾಗಾಗಿ ಮಳೆಗಾಲದಲ್ಲಿ ಪೂರ್ತಿ ಹಣ ಕಟ್ಟಿ ರೂಮ್ ಬುಕ್ ಮಾಡಬೇಡಿ. 'ರಸ್ತೆ ಬಂದ್ ಆದರೆ ದಿನ ಬದಲಾಯಿಸಿ ಕೊಡ್ತೀರಾ?' ಅಂತ ಕೇಳಿಕೊಳ್ಳಿ. ಇನ್ನೊಂದು ವಿಷಯ ಬೆಂಗಳೂರಿನವರಿಗೆ ಹೊಳೆಯುವುದೇ ಇಲ್ಲ. ಮಳೆ ಜಾಸ್ತಿಯಾದರೆ ಆ ಜಿಲ್ಲೆಗಳಲ್ಲಿ ಡಿಸಿ ಶಾಲೆ ಕಾಲೇಜಿಗೆ ರಜೆ ಕೊಡುತ್ತಾರೆ. ಆದೇಶ ಬರುವುದು ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಗ್ಗೆಯೇ. ನೀವು ಬಸ್ಸಲ್ಲಿ ಮಲಗಿರುವಾಗ ಕಾಲೇಜಿಗೆ ರಜೆ ಆಗಿರಬಹುದು. ಬೇಕಾದರೆ ಇನ್ನೊಂದು ದಿನ ಮುಂದುವರಿಸಲು ಆಗುವಂಥ ರೂಮ್ ಹಿಡಿಯುವುದು ಇದಕ್ಕೇ.

ಹಂತ 3: ಕಾಲೇಜು ನಿಜವಾಗಿ ಎಲ್ಲಿದೆ?

ವಿಳಾಸದಲ್ಲಿ ಇರುವ ಊರು ಬೇರೆ, ಕಾಲೇಜಿನ ಗೇಟು ಇರುವ ಜಾಗ ಬೇರೆ. ಆಳ್ವಾಸ್ ಅಂದರೆ ಮೂಡುಬಿದಿರೆ ಅಂತ ಎಲ್ಲರಿಗೂ ಗೊತ್ತು. ಆದರೆ ಅವರ ಎಂಜಿನಿಯರಿಂಗ್ ಕಾಲೇಜು ಇರುವುದು ಪೇಟೆಯಿಂದ ಆಚೆ ಮಿಜಾರಿನಲ್ಲಿ. ನಿಟ್ಟೆ ಒಂದು ಹಳ್ಳಿ, ಲಾಡ್ಜು ಬೇಕೆಂದರೆ ಕಾರ್ಕಳ ಪೇಟೆಗೆ ಬರಬೇಕು. ನೀನಾಸಂ ರಂಗಶಿಕ್ಷಣ ಕೇಂದ್ರ ನೋಡಲು ಹೆಗ್ಗೋಡಿಗೆ ಹೋಗುವವರು ಸುಮಾರು 8 ಕಿ.ಮೀ. ದೂರದ ಸಾಗರದಲ್ಲಿ ಉಳಿಯುವುದು ಸುಲಭ. ರಾತ್ರಿಯ ತಾಳಗುಪ್ಪ ರೈಲು ಬೆಳಗ್ಗೆ ಅಲ್ಲೇ ಇಳಿಸುತ್ತದೆ. ಪೊನ್ನಂಪೇಟೆಗೆ ಹೋಗುವವರಿಗೆ ಪಕ್ಕದ ಗೋಣಿಕೊಪ್ಪ ಇದೆ.

ಬಾಗಲಕೋಟೆಯದು ಇನ್ನೊಂದು ಥರ. ಆಲಮಟ್ಟಿ ಹಿನ್ನೀರಿನಿಂದ ಹಳೇ ಊರಿನ ಒಂದಷ್ಟು ಭಾಗ ಮುಳುಗಿ, ಜನರಿಗಾಗಿ ನವನಗರ ಕಟ್ಟಿದರು. ಹಳೇ ಬಾಗಲಕೋಟೆ, ವಿದ್ಯಾಗಿರಿ, ನವನಗರ ಎಲ್ಲವೂ ಒಂದೇ ಊರಿನ ಹೆಸರಲ್ಲಿದ್ದರೂ ಬೇರೆ ಬೇರೆ ಜಾಗಗಳು. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ವಿದ್ಯಾಗಿರಿಯಲ್ಲಿದೆ, ತೋಟಗಾರಿಕೆ ವಿಶ್ವವಿದ್ಯಾಲಯ ನವನಗರದ ಕಡೆ. ಸುಮ್ನೆ 'ಬಾಗಲಕೋಟೆಯಲ್ಲಿ ರೂಮ್' ಅಂತ ಹುಡುಕಿದರೆ ಆಟೋಗೇ ದುಡ್ಡು ಸುರಿಯಬೇಕು.

ಮ್ಯಾಪ್‌ನಲ್ಲಿ ಮೂರು ಜಾಗ ಗುರುತು ಹಾಕಿ: ಕಾಲೇಜಿನ ಮುಖ್ಯ ಗೇಟು, ಮಕ್ಕಳು ಇರಬೇಕಾದ ಹಾಸ್ಟೆಲ್, ಊರಿನ ಬಸ್ ಸ್ಟ್ಯಾಂಡ್. ಹುಡುಗಿಯರ ಹಾಸ್ಟೆಲ್ ಎಷ್ಟೋ ಕಡೆ ಕ್ಯಾಂಪಸ್ಸಿನ ಹೊರಗೆ ಇರುತ್ತದೆ. ಕಾಲೇಜಿಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಈ ಮೂರರ ನಡುವೆ ಎಲ್ಲಾದರೂ ರೂಮ್ ಸಿಕ್ಕರೆ ಅದೇ ಸರಿಯಾದ ಜಾಗ. ಸಿಗದಿದ್ದರೆ ಬಸ್ ಸ್ಟ್ಯಾಂಡಿನ ಹತ್ತಿರ ಇರಲಿ. ಘಟ್ಟದ ರಸ್ತೆಯಲ್ಲಿ ಕಿಲೋಮೀಟರ್ ನಂಬಬೇಡಿ, ನಿಮಿಷ ಕೇಳಿ.

ಹಂತ 4: ಯಾವ ಥರದ ಜಾಗ?

ಮೊದಲು ಕಾಲೇಜಿನ ಗೆಸ್ಟ್ ಹೌಸ್ ವಿಚಾರಿಸಿ. ಹಳೆಯ ವಸತಿ ಕಾಲೇಜುಗಳಲ್ಲಿ, ಕೃಷಿ-ಅರಣ್ಯ ಕಾಲೇಜುಗಳಲ್ಲಿ ಇದ್ದೇ ಇರುತ್ತದೆ ಅನ್ನಬಹುದು. ಹೊರಗಿನ ಪರೀಕ್ಷಕರು, ಅತಿಥಿಗಳು ಬಂದಿರದಿದ್ದರೆ ತಂದೆ ತಾಯಿಗೂ ಕೊಡುವುದುಂಟು. ಆಫೀಸಿಗೆ ಬೆಳಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಮಾಡಿ, 'ಬೆಂಗಳೂರಿನಿಂದ ಅಡ್ಮಿಶನ್ ವಿಚಾರಕ್ಕೆ ಬರುತ್ತಿದ್ದೇವೆ, ಒಂದು ರಾತ್ರಿ ಉಳಿಯಲು ಅನುಕೂಲ ಆಗುತ್ತದಾ ಸರ್' ಅಂತ ನೇರವಾಗಿ ಕೇಳಿ. ಇದರಲ್ಲಿ ಸಂಕೋಚ ಏನೂ ಬೇಡ. ಕ್ಯಾಂಪಸ್ಸಿನ ಒಳಗೇ ರಾತ್ರಿ ಹೇಗಿರುತ್ತದೆ ಅಂತ ಗೊತ್ತಾಗುವ ದಾರಿ ಇದೊಂದೇ.

ಎರಡನೆಯದು ಪೇಟೆಯ ಲಾಡ್ಜ್. ನನ್ನ ಆಯ್ಕೆ ಇದೇ. ಆದರೆ ಲಾಡ್ಜಿಗೂ ಲಾಡ್ಜಿಗೂ ವ್ಯತ್ಯಾಸ ಇದೆ. ಕೆಳಗೆ ಸಸ್ಯಾಹಾರಿ ಹೋಟೆಲ್, ಮೇಲೆ ರೂಮುಗಳು ಇರುವ ಕಡೆ ಸಾಮಾನ್ಯವಾಗಿ ಸಂಸಾರಸ್ಥರು ಇರುತ್ತಾರೆ. ಬೆಳಗ್ಗೆ ಆರಕ್ಕೇ ಕಾಫಿ ತಿಂಡಿ ಸಿಗುತ್ತದೆ. ಕೆಳಗೆ ಬಾರ್ ಇದ್ದರೆ ರಾತ್ರಿ ಗಲಾಟೆ. ಮಗಳ ಜೊತೆ ಹೋಗುವಾಗ ಅದು ಬೇಡ. ಪಕ್ಕದಲ್ಲಿ ಕಲ್ಯಾಣ ಮಂಟಪ ಇದ್ದರೆ ಅವತ್ತು ಮದುವೆ ಇದೆಯಾ ಕೇಳಿ.

ಹೋಮ್‌ಸ್ಟೇ ಬಗ್ಗೆ ನನಗೆ ದ್ವೇಷ ಇಲ್ಲ. ಊಟ ಚೆನ್ನಾಗಿರುತ್ತದೆ, ಮನೆಯವರು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಪೇಟೆಯ ಒಳಗೇ ಇರುವ ಮನೆ ಸಿಕ್ಕರೆ ಬಿಡಬೇಡಿ. ತೋಟದ ಒಳಗಿನದು ಮಾತ್ರ ಪ್ರವಾಸಕ್ಕೆ ಇರಲಿ, ಕಾಲೇಜು ನೋಡುವುದಕ್ಕಲ್ಲ.

ಧರ್ಮಸ್ಥಳದಂಥ ಕಡೆ ಕ್ಷೇತ್ರದ ವಸತಿ ಗೃಹಗಳಿವೆ. ಚೊಕ್ಕವಾಗಿರುತ್ತವೆ, ಬಾಡಿಗೆಯೂ ಕಡಿಮೆ. ದರ್ಶನವೂ ಆಗುತ್ತದೆ, ಅನ್ನಪೂರ್ಣ ಛತ್ರದಲ್ಲಿ ಪ್ರಸಾದವೂ ಆಗುತ್ತದೆ. ಆದರೆ ಕಾಲೇಜಿನ ಊರಿನ ಸಂಜೆ ನಿಮಗೆ ಕಾಣಸಿಗುವುದಿಲ್ಲ. ಇಂಥ ಕ್ಷೇತ್ರಗಳಲ್ಲಿ ಒಬ್ಬರೇ ಬಂದವರಿಗೆ ರೂಮ್ ಕೊಡದ ಕಡೆಗಳೂ ಇವೆ, ಮೊದಲೇ ವಿಚಾರಿಸಿ. ಐಬಿ, ಅಂದರೆ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ, ಪರಿಚಯದವರಿಂದ ಸಿಗಬಹುದು. ಯಾರಾದರೂ ಸಾಹೇಬರು ಬಂದರೆ ಬಿಟ್ಟುಕೊಡಬೇಕಾಗುತ್ತದೆ. ಅದನ್ನೇ ನಂಬಿ ಹೊರಡಬೇಡಿ.

ನೆಂಟರ ಮನೆ? ಇದ್ದರೆ ಸಂತೋಷ. ಅವರು ಊರಿನ ಒಳಗು ಹೊರಗು ಹೇಳುತ್ತಾರೆ. ಆದರೆ ಊಟ, ಮಾತುಕತೆ ಅಂತ ಸಂಜೆ ಪೂರ್ತಿ ಅಲ್ಲೇ ಕಳೆದುಹೋಗುತ್ತದೆ. ರಾತ್ರಿ ಊಟಕ್ಕೆ ಅವರ ಮನೆಗೆ ಹೋಗಿ, ಮಲಗಲು ಪೇಟೆಗೆ ಬಂದರೆ ಎರಡೂ ಆಗುತ್ತದೆ.

ಹಂತ 5: ಫೋನ್ ಮಾಡಿ ಮಾತಾಡಿ

ಬುಕ್ಕಿಂಗ್ ಆಪ್‌ನಲ್ಲಿ ಸಣ್ಣ ಊರಿನ ಅರ್ಧಕ್ಕರ್ಧ ಲಾಡ್ಜು ಸಿಗುವುದೇ ಇಲ್ಲ. ಸಿಕ್ಕರೂ ಫೋಟೋ ಯಾವ ಕಾಲದ್ದೋ. ಫೋನೇ ಸರಿ. ಕೌಂಟರಿನಲ್ಲಿ ಕೂತವರ ಮಾತಿನ ಧಾಟಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಮೊದಲು ಕೇಳಬೇಕಾದ್ದು ಚೆಕ್‌ಔಟ್. ಹಳೆಯ ಲಾಡ್ಜುಗಳಲ್ಲಿ '24 ಗಂಟೆ' ಪದ್ಧತಿ ಇದೆ. ನೀವು ಬೆಳಗ್ಗೆ ಆರಕ್ಕೆ ಹೋದರೆ ಮರುದಿನ ಬೆಳಗ್ಗೆ ಆರರ ತನಕ ರೂಮ್ ನಿಮ್ಮದು. ಹೊಸ ಹೋಟೆಲುಗಳಲ್ಲಿ ಮಧ್ಯಾಹ್ನ 12ಕ್ಕೆ ಒಳಗೆ ಬಿಟ್ಟು, ಮರುದಿನ 11ಕ್ಕೆ ಖಾಲಿ ಮಾಡಿಸುತ್ತಾರೆ. ಮೆಜೆಸ್ಟಿಕ್‌ನಿಂದ ರಾತ್ರಿ ಹತ್ತರ ಬಸ್ ಹತ್ತಿದರೆ ನೀವು ಇಳಿಯುವುದು ಬೆಳಗಿನ ಜಾವ. ಕಾರವಾರದ ಪಂಚಗಂಗಾ ರೈಲಿನಲ್ಲಿ ಸುರತ್ಕಲ್, ಉಡುಪಿಗೆ ಹೋದರೆ ಬೆಳಕು ಹರಿಯುವ ಮೊದಲೇ ಇಳಿಯುತ್ತೀರಿ. ಆಗ 12 ಗಂಟೆಯ ಹೋಟೆಲ್ ಹಿಡಿದರೆ ಸ್ನಾನ ಇಲ್ಲದೆ, ಬ್ಯಾಗ್ ಹೊತ್ತುಕೊಂಡು ಪ್ರಿನ್ಸಿಪಾಲರ ಮುಂದೆ ಕೂರಬೇಕು. 24 ಗಂಟೆಯ ಲಾಡ್ಜು ಹಿಡಿಯಿರಿ. 'ಬೆಳಗ್ಗೆ ಐದಕ್ಕೆ ಬರ್ತೀವಿ, ಗೇಟ್ ತೆಗೀತೀರಾ?' ಅಂತಲೂ ಕೇಳಿ. ರಾತ್ರಿ ಹತ್ತೂವರೆಗೆ ಗೇಟಿಗೆ ಬೀಗ ಹಾಕಿ ಮಲಗುವ ಕಡೆಗಳಿವೆ.

ಎರಡನೆಯದು ಬಿಸಿನೀರು. 'ಬಿಸಿನೀರು ಇದೆಯಾ' ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. 'ಸೋಲಾರೋ, ಗೀಸರೋ?' ಅಂತ ಕೇಳಿ. ಮಳೆಗಾಲದಲ್ಲಿ ಸೋಲಾರ್ ನೀರು ಬೆಚ್ಚಗೂ ಆಗುವುದಿಲ್ಲ. ಕರೆಂಟ್ ಹೋದರೆ ಜನರೇಟರ್ ಇದೆಯಾ? ರೂಮಿನ ಒಳಗೆ ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ? ಮಲೆನಾಡಿನಲ್ಲಿ ಈ ಪ್ರಶ್ನೆ ಹಾಸ್ಟೆಲ್ಲಿಗೂ ಅನ್ವಯಿಸುತ್ತದೆ, ಉತ್ತರ ಬರೆದಿಟ್ಟುಕೊಳ್ಳಿ. ಬಯಲುಸೀಮೆಗೆ ಏಪ್ರಿಲ್-ಮೇ ತಿಂಗಳಲ್ಲಿ ಹೋಗುವವರು ಬಿಸಿನೀರಿನ ಬದಲು ನೀರನ್ನೇ ಕೇಳಿ. ದಿನವಿಡೀ ನಲ್ಲಿಯಲ್ಲಿ ಬರುತ್ತದಾ ಅಂತ.

ರೂಮ್ ರಸ್ತೆ ಕಡೆ ಬೇಡ, ಹಿಂಬದಿ ಕೊಡಿ ಅನ್ನಿ. ಬಸ್ ಸ್ಟ್ಯಾಂಡ್ ಎದುರಿನ ಕಿಟಕಿಯಿದ್ದರೆ ಬೆಳಗ್ಗೆ ನಾಲ್ಕೂವರೆಗೇ ಹಾರ್ನ್ ಶುರು. ಮೂರು ಜನಕ್ಕೆ ಎಕ್ಸ್‌ಟ್ರಾ ಬೆಡ್ ಅಂದರೆ ಮಂಚವೋ, ನೆಲದ ಮೇಲಿನ ಹಾಸಿಗೆಯೋ? ಅಜ್ಜಿ ತಾತ ಜೊತೆಗಿದ್ದರೆ ಲಿಫ್ಟ್ ಇದೆಯಾ, ಕಮೋಡ್ ಇದೆಯಾ ಅಂತ ಕೇಳುವುದು ಮರೆಯಬೇಡಿ.

ಹಂತ 6: ದುಡ್ಡು, ದಾಖಲೆ

ಫೋನಿನಲ್ಲಿ ಹೇಳಿದ ಬಾಡಿಗೆ ಟ್ಯಾಕ್ಸ್ ಸೇರಿಯೋ ಅಲ್ಲವೋ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ರೂಮಿಗೆ ಜಿಎಸ್‌ಟಿ 5%. ಮೊದಲು 12% ಇತ್ತು. ಅಡ್ವಾನ್ಸ್ ಕೇಳಿದರೆ ಒಂದಿಷ್ಟು ಹಾಕಿ, ಪೂರ್ತಿ ಬೇಡ. ಹಾಕುವ ಮೊದಲು ಆ ನಂಬರ್ ಲಾಡ್ಜಿನದ್ದೇ ಅಂತ ಖಚಿತ ಮಾಡಿಕೊಳ್ಳಿ. ಕಾಲೇಜು ಆಫೀಸಿನವರನ್ನೇ ಕೇಳಿದರೆ ಸರಿಯಾದ ನಂಬರ್ ಕೊಡುತ್ತಾರೆ.

ದೊಡ್ಡವರೆಲ್ಲರ ಗುರುತಿನ ಚೀಟಿ ಬೇಕು. ಮಗ ಮಗಳಿಗೆ 18 ಆಗಿದ್ದರೆ ಅವರದ್ದೂ. ಆಧಾರ್ ಜೆರಾಕ್ಸ್ ಕೊಡಲು ಮನಸ್ಸಿಲ್ಲದಿದ್ದರೆ ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಕೊಡಬಹುದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೂಡ ಡೌನ್‌ಲೋಡ್ ಮಾಡಿಕೊಳ್ಳಬಹುದು. ಮೂಲ ಅಂಕಪಟ್ಟಿಗಳನ್ನು ರೂಮಿನಲ್ಲಿ ಬಿಟ್ಟು ಹೋಗಬೇಡಿ. ತಾಯಿ ಮಗಳು ಇಬ್ಬರೇ ಹೊರಟಿದ್ದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅದು ಇಲ್ಲ. ಹಾಗೆ ಉಳಿತಾಯವಾದ ಬಸ್ ಚಾರ್ಜು ಒಂದು ಒಳ್ಳೆಯ ರೂಮಿಗೆ ಆಗುತ್ತದೆ.

ಹಂತ 7: ಬ್ಯಾಗ್ ಇಳಿಸುವ ಮೊದಲು ರೂಮ್ ನೋಡಿ

'ಒಂದ್ಸಲ ರೂಮ್ ತೋರಿಸಿ' ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಗಿನ ಚಿಲಕ ಸರಿಯಾಗಿ ಬೀಳುತ್ತದಾ? ಇದು ಎಲ್ಲಕ್ಕಿಂತ ಮುಖ್ಯ. ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಫ್ಯಾನ್ ಹಾಕಿ. ದಿಂಬಿನ ಕವರ್ ಎತ್ತಿ ಮೂಸಿ ನೋಡಿ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಇದ್ದರೆ ಬೇರೆ ಬೆಡ್‌ಶೀಟ್ ಕೇಳಿ. ಮನೆಯಿಂದ ಒಂದು ಹೊದಿಕೆ ತಗೊಂಡು ಹೋದರೆ ಇನ್ನೂ ನೆಮ್ಮದಿ.

ಹಂತ 8: ಒಂದು ಸಂಜೆ, ಒಂದು ಬೆಳಗ್ಗೆ

ಪೇಟೆಯಲ್ಲಿ ಉಳಿದಿದ್ದು ಇದಕ್ಕಾಗಿ.

ನಮ್ಮ ಲಾಡ್ಜಿನ ಕೌಂಟರಿನಲ್ಲಿ ಉದ್ದ ರಿಜಿಸ್ಟರ್ ಇತ್ತು. ಎಲ್ಲಿಂದ ಬಂದಿದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ, ಹೀಗೆ ಕೆಂಪು ಗೆರೆ ಹಾಕಿದ ಕಾಲಂಗಳು. ಉದ್ದೇಶದ ಕಾಲಂನಲ್ಲಿ ನಾನು 'ಕಾಲೇಜು ನೋಡಲು' ಅಂತ ಬರೆದೆ. ಮ್ಯಾನೇಜರ್ ತಲೆಕೆಳಗಾಗಿಯೇ ಅದನ್ನು ಓದಿದರು. ಅರವತ್ತರ ಹಿರಿಯರು. ಮರದ ತುಂಡಿಗೆ ಕಟ್ಟಿದ ಬೀಗದ ಕೈ ಕೊಡುತ್ತಾ, 'ಮಗಳಿಗಾ ಮೇಡಂ?' ಅಂದರು. ಹೌದು ಅಂದೆ. 'ಹಾಸ್ಟೆಲ್ ಮಕ್ಕಳು ಭಾನುವಾರ ರಾತ್ರಿ ನಮ್ಮ ಕೆಳಗಿನ ಹೋಟೆಲಿಗೇ ಬರ್ತಾರೆ. ಅವತ್ತು ಸಂಜೆ ಮೆಸ್ ಇರಲ್ಲ. ಏಳಕ್ಕೆ ಕೊನೇ ಬಸ್ಸು, ಆರೂ ಮುಕ್ಕಾಲಿಗೆ ಕೈ ತೊಳೆಯದೆ ಓಡ್ತಾರೆ' ಅಂದರು. ಭಾನುವಾರ ಸಂಜೆ ಮೆಸ್ ಇಲ್ಲ ಅನ್ನುವುದನ್ನು ಕಾಲೇಜಿನವರು ಯಾರೂ ಹೇಳಿರಲಿಲ್ಲ. ಮರುದಿನ ವಾರ್ಡನ್ ಹತ್ತಿರ ಕೇಳಿದೆ. ನಿಜ ಇತ್ತು.

ಸಂಜೆ ಐದರಿಂದ ಎಂಟರ ತನಕ ಸುಮ್ನೆ ನಡೆಯಿರಿ. ಕಾಲೇಜು ಬಿಟ್ಟ ಮಕ್ಕಳು ಎಲ್ಲಿ ನಿಲ್ಲುತ್ತಾರೆ? ಜೆರಾಕ್ಸ್ ಅಂಗಡಿ, ಬೇಕರಿ, ಮೆಡಿಕಲ್ ಸ್ಟೋರ್ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ? ಏಳೂವರೆಗೆ ಹಾಸ್ಟೆಲ್ ದಾರಿಯಲ್ಲಿ ಬೀದಿ ದೀಪ ಉರಿಯುತ್ತದಾ? ಆ ದಾರಿಯಲ್ಲಿ ಮಗಳನ್ನೇ ಮುಂದೆ ನಡೆಯಲು ಬಿಟ್ಟು ನೀವು ಹಿಂದೆ ನಡೆಯಿರಿ. ನಾನು ಹಾಗೆ ಮಾಡಿದೆ. ಒಂದು ತಿರುವಿನಲ್ಲಿ ಅವಳ ನಡಿಗೆ ತಾನಾಗಿಯೇ ಬಿರುಸಾಯಿತು. ಅಲ್ಲಿ ದೀಪ ಇರಲಿಲ್ಲ. ಅದನ್ನು ಬರೆದುಕೊಂಡೆ. ರಾತ್ರಿ ಎಡವಟ್ಟಾದರೆ ಹತ್ತಿರದ ಆಸ್ಪತ್ರೆ ಯಾವುದು, ಡಾಕ್ಟರ್ ರಾತ್ರಿ ಇರುತ್ತಾರಾ ಅನ್ನುವುದನ್ನು ಮೆಡಿಕಲ್ ಸ್ಟೋರಿನವರು ಸರಿಯಾಗಿ ಹೇಳುತ್ತಾರೆ. ಊಟ ಮಾತ್ರ ಎಂಟೂವರೆ ಒಳಗೆ ಮುಗಿಸಿ. ಬೆಂಗಳೂರಿನ ಹಾಗೆ ಹನ್ನೊಂದಕ್ಕೆ ಏನೂ ಸಿಗುವುದಿಲ್ಲ.

ಬೆಳಗ್ಗೆ ಏಳೂವರೆಗೆ ಹಾಸ್ಟೆಲ್ ಗೇಟಿನ ಹತ್ತಿರ ಇರಿ. ಒಳಗೆ ಬಿಡುವ ಸಮಯ ಹಿಂದಿನ ದಿನವೇ ಕೇಳಿಕೊಂಡಿರಬೇಕು. ಹುಡುಗಿಯರ ಹಾಸ್ಟೆಲ್ಲಿಗೆ ತಂದೆಯನ್ನು ವಿಸಿಟರ್ಸ್ ರೂಮಿನಿಂದ ಆಚೆ ಬಿಡದಿರಬಹುದು, ಹಾಗಾಗಿ ತಾಯಿಯೋ ಅತ್ತೆಯೋ ಚಿಕ್ಕಮ್ಮನೋ ಜೊತೆಗಿರಲಿ. ಸಾಧ್ಯವಾದರೆ ಮೆಸ್ಸಿನಲ್ಲೇ ತಿಂಡಿ ತಿನ್ನಿ. ನಾವು ಉಪ್ಪಿಟ್ಟು ತಿಂದೆವು. ಆರಿತ್ತು, ಆದರೆ ರುಚಿಯಾಗಿತ್ತು. ಪಕ್ಕದಲ್ಲಿ ಕೂತ ಎರಡನೇ ವರ್ಷದ ಹುಡುಗಿ, 'ಆಂಟಿ, ಲೇಟ್ ಆಗಿ ಬಂದ್ರೆ ಚಟ್ನಿ ಇರಲ್ಲ, ಅಷ್ಟೇ' ಅಂದಳು. ಮಗಳು ಅವಳ ಹತ್ತಿರ ಅರ್ಧ ಗಂಟೆ ಮಾತಾಡಿದಳು. ನಾನು ಎದ್ದು ಬೇರೆ ಟೇಬಲ್ಲಿಗೆ ಹೋದೆ. ನೀವೂ ಹಾಗೇ ಮಾಡಿ. ಮಕ್ಕಳು ಮಕ್ಕಳ ಹತ್ತಿರ ಕೇಳುವ ಪ್ರಶ್ನೆಗಳನ್ನು ನಮ್ಮೆದುರು ಕೇಳುವುದಿಲ್ಲ, ಅಲ್ವಾ?

ಹಂತ 9: ಹೊರಡುವಾಗ

ಸೀಟು ಸಿಕ್ಕರೆ ಇದೇ ಊರಿಗೆ ಮತ್ತೆ ಬರುತ್ತೀರಿ. ಅಡ್ಮಿಶನ್ ದಿನ ಹಾಸಿಗೆ, ಬಕೆಟ್, ಟ್ರಂಕು ಎಲ್ಲ ಇರುತ್ತದೆ. ಅವತ್ತು ಬೇರೆ ಊರಿನ ತಂದೆ ತಾಯಂದಿರೂ ಬಂದಿರುತ್ತಾರೆ, ರೂಮಿಗೆ ಪೈಪೋಟಿ. ಲಾಡ್ಜಿನ ಕಾರ್ಡು ಇಟ್ಟುಕೊಳ್ಳಿ. ನೆಲಮಹಡಿಯಲ್ಲಿ ಯಾವ ಯಾವ ರೂಮುಗಳಿವೆ, ಕಾರು ನಿಲ್ಲಿಸಲು ಜಾಗ ಎಲ್ಲಿ ಅಂತ ನೋಡಿಟ್ಟುಕೊಳ್ಳಿ. ಇಷ್ಟವಾದ ರೂಮಿನ ನಂಬರ್ ಬರೆದುಕೊಂಡು, ಸೀಟು ಹಂಚಿಕೆಯ ಫಲಿತಾಂಶ ಬಂದ ಕೂಡಲೇ ಫೋನ್ ಮಾಡಿ ಅದೇ ಕೇಳಿ.

ನಾವು ಬೀಗದ ಕೈ ವಾಪಸ್ ಕೊಡುವಾಗ ಮ್ಯಾನೇಜರ್ ಕಾರ್ಡಿನ ಹಿಂಬದಿಯಲ್ಲಿ ಬೆಂಗಳೂರಿಗೆ ಹೋಗುವ ಬಸ್ಸುಗಳ ಸಮಯ ಬರೆದುಕೊಟ್ಟರು. ಬೆಳಗ್ಗೆ ಎರಡು ಬಸ್ಸು, ರಾತ್ರಿ ನಾಲ್ಕು ಬಸ್ಸು. ಅದರ ಕೆಳಗೆ ಮಗಳು ತನ್ನ ಪೆನ್ನಿನಲ್ಲಿ ಹಾಸ್ಟೆಲ್ಲಿನ ಕೊನೇ ಬಸ್ಸು ಅಂತ ಸೇರಿಸಿದಳು: ಏಳು ಗಂಟೆ.